ಆಪಾ ಕೇಳಲು ಹೇಳಿದ್ದು

ಆಪಾ ಆಳಂದದ ನಮ್ಮ ಬಾಡಿಗೆ ಮನೆಗೆ ಬಂದ ದಿನ ನಾನು ಅವರಿಗೆ ಚಹಾ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಕೊಟ್ಟೆ ಎಂದು ಬರೆದುಕೊಂಡರೆ ನನಗೆ ಹಿತ. ಆದರೆ ಈಚೆಗೆ ನನಗೆ ಹಿತವೆನಿಸುವ ನೆನಪುಗಳ ಮೇಲೆಯೇ ಹೆಚ್ಚು ಅನುಮಾನ.

ಹೋದ ತಿಂಗಳು ಅವರು ಯಡ್ರಾಮಿಯಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ಒಂದೇ ಪ್ರಶ್ನೆ ನನ್ನ ಬೆನ್ನು ಹತ್ತಿತು. ಅವ್ವನ ಆಪರೇಷನ್ನಿನ ವಿಷಯವಾಗಿ ಅವರು ನನಗೆ ಹೇಳಿದ್ದು ನಾನು ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವ ಮುಂಚೆಯೋ, ಆಮೇಲೋ? ಹನ್ನೊಂದು ವರ್ಷದಿಂದ ನಾನು ಆಮೇಲೆ ಎಂದೇ ಹೇಳುತ್ತ ಬಂದಿದ್ದೆ. ಅಣ್ಣನಿಗೂ, ನನಗೂ.

ಆಪಾ ನಮ್ಮೂರು ಮಾದನಹಿಪ್ಪರಗಾದ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಅದಕ್ಕೂ ಮುಂಚೆ ಅಫಜಲಪುರ ತಾಲೂಕಿನ ಗೊಬ್ಬೂರದಲ್ಲಿದ್ದರಂತೆ. ಅವರಿಗೆ ಸ್ವಂತ ಹೆಸರೊಂದಿತ್ತು, ದವಾಖಾನೆಯ ಹಲಗೆಯ ಮೇಲೆ ಬರೆದೂ ಇತ್ತು. ಆದರೆ ಮುಸಲ್ಮಾನರ ಓಣಿಯಲ್ಲಿ ಅಕ್ಕನಿಗೆ ಅನ್ನುವ ಆಪಾ ಎಂಬ ಮಾತೇ ಇಡೀ ಊರಿಗೆ ಅವರ ಹೆಸರಾಯಿತು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡ ಲಿಂಗವಂತ ಮುದುಕಿಯರೂ ಅವರನ್ನು ಆಪಾ ಎನ್ನುತ್ತಿದ್ದರು. ಗಿಡ್ಡ ಆಳು, ಬಿಳಿ ಸೀರೆ, ಬಿಸಿಲಿಗೊಂದು ಗಂಡಸರ ಕರಿ ಕೊಡೆ. ನಡಿಗೆಯೆಂದರೆ ಎದುರಿಗೆ ಬಂದವರೇ ದಾರಿ ಬಿಡಬೇಕು, ಹಾಗೆ.

ಯಾರ ಮನೆಗೆ ಬಂದರೂ ಮುಂದಿನ ಪಡಸಾಲೆಯಲ್ಲಿ ಕೂಡುತ್ತಿರಲಿಲ್ಲ. ಸೀದಾ ಹಿತ್ತಲಿಗೋ ಒಲೆಯ ಹತ್ತಿರವೋ ಹೋಗಿ, ಅಲ್ಲಿ ಯಾವ ಹೆಣ್ಣುಮಗಳು ಏನು ಮಾಡುತ್ತಿದ್ದಾಳೋ ಆ ಕೆಲಸಕ್ಕೇ ಕೈಹಾಕುತ್ತಿದ್ದರು. ತೊಗರಿ ಆರಿಸುತ್ತಿದ್ದರೆ ಅದಕ್ಕೆ, ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರೆ ಅದಕ್ಕೆ. ಎದುರಾ ಬದುರಾ ಕುಳಿತರೆ ಯಾರೂ ಬಾಯಿ ಬಿಡುವುದಿಲ್ಲ, ಕೈ ಕೆಲಸದಲ್ಲಿದ್ದರೆ ತಾನಾಗಿ ಬಿಡುತ್ತಾರೆ ಎನ್ನುವುದು ಅವರ ಲೆಕ್ಕಾಚಾರವಾಗಿತ್ತೇನೋ. ಇದು ನನ್ನ ಊಹೆ, ಅವರು ಹೇಳಿದ್ದಲ್ಲ.

ನಮ್ಮ ಓಣಿಯ ಕೆಲವು ಮನೆಗಳಲ್ಲಿ ಅವರಿಗೆ ನೀರು ಕೊಡಲು ಬೇರೆ ಲೋಟ ಇರುತ್ತಿತ್ತು. ಅದು ಅವರಿಗೆ ಗೊತ್ತಿತ್ತು. "ನನ್ನ ಲೋಟ ಎಲ್ಲಿ ಇಟ್ಟೀರಿ ಬೇ, ತರ್ರಿ, ಬಿಸಲ ಭಾಳ ಅದ," ಎಂದು ತಾವೇ ಕೇಳಿ ಇಸಿದುಕೊಳ್ಳುತ್ತಿದ್ದರು. ತರುವವಳು ನಾಚುತ್ತಿದ್ದಳು, ಇವರು ಗಟಗಟ ಕುಡಿಯುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಲೋಟ ಇರಲಿಲ್ಲ ಎಂದು ಅವ್ವ ಹೇಳುತ್ತಾಳೆ. ನನ್ನ ಕಣ್ಣಿಗೆ ಮಾತ್ರ ಹಿತ್ತಲ ಗೂಡಿನಲ್ಲಿ ಕವುಚಿಟ್ಟ ಒಂದು ಸ್ಟೀಲ್ ಲೋಟ ಕಾಣುತ್ತದೆ. ಬೇರೆಯವರ ಮನೆಯ ಗೂಡನ್ನು ನಮ್ಮ ಮನೆಗೆ ತಂದು ಕೂಡಿಸಿದ್ದೇನೆಯೇ? ಗೊತ್ತಿಲ್ಲ.

ಊರಿನ ಗಂಡಸರಿಗೆ ಅವರನ್ನು ಕಂಡರೆ ಬೇಸರ. ಒಮ್ಮೆ ನಮ್ಮ ಎದುರು ಮನೆಯ ಸೊಸೆಯನ್ನು ಹೆರಿಗೆಯಾದ ಇಪ್ಪತ್ತೇ ದಿನಕ್ಕೆ ತೊಗರಿ ಕೊಯ್ಯಲು ಹೊಲಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅದು ಆ ಮನೆಯ ನಾಲ್ಕು ಗೋಡೆಯೊಳಗಿನ ಮಾತು. ಮುಂಜಾನೆ ಆಪಾ ಕೊಡೆ ಹಿಡಿದುಕೊಂಡು ಅಂಗಳದಲ್ಲಿ ಹಾಜರು.

"ಏನ್ರೀ ಸಾಹುಕಾರ್ರ, ಹಸೀ ಬಾಣಂತಿನ್ನ ಹೊಲಕ್ಕ ಕಳಸ್ತೀರಂತ? ಎಮ್ಮಿ ಈದ್ರ ತಿಂಗಳತನ ಹಿಂಡಿ ಹಾಕ್ತೀರಿ!"

"ನಮ್ಮ ಮನಿ ಮಾತ ನಿಮಗ್ಯಾರು ಹೇಳಿದ್ರು ಆಪಾ?"

"ಯಾರ ಹೇಳಬೇಕ್ರಿ? ನನ್ನ ತಲ್ಯಾಗ ಬಂತು, ಕೇಳಾಕ ಬಂದೆ. ಅಷ್ಟ."

ಸೊಸೆ ಬಾಗಿಲ ಮರೆಯಲ್ಲಿ ನೆಲ ನೋಡುತ್ತ ನಿಂತಿದ್ದಳು. ಎಲ್ಲರೂ ಆಪಾರನ್ನು ಮನಸಾರೆ ಬೈದರು, ಸೊಸೆಯನ್ನು ಹೊಲಕ್ಕೆ ಕಳಿಸಲಿಲ್ಲ. ಈ ಆಪಾಗೆ ಮಾಡಲು ಬೇರೆ ಕೆಲಸವಿಲ್ಲ ಎಂಬುದು ಊರಿನ ತೀರ್ಮಾನ. ನನ್ನದೂ ಬಹುಶಃ ಅದೇ ಆಗಿತ್ತು. ನಾನಾಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ, ಊರಿನದ್ದೆಲ್ಲ ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತಿತ್ತು.

ನಮ್ಮ ಕಡೆ ಗರ್ಭಚೀಲ ತೆಗೆಸಿಕೊಳ್ಳುವುದು ಹಲ್ಲು ಕೀಳಿಸಿಕೊಂಡಷ್ಟೇ ಸಾಮಾನ್ಯದ ಮಾತು. ಸೊಂಟ ನೋವು ಬಂದರೂ ಅದು, ಬಿಳಿ ಹೋದರೂ ಅದು. ತೆಗೆಸಿಕೊಂಡವರು ಇನ್ನೊಬ್ಬರಿಗೆ ಹೇಳುತ್ತಾರೆ, ಅವರು ಮತ್ತೊಬ್ಬರಿಗೆ. ತೆಗೆಸುವಾಗ "ಪೂರಾ ತೆಗೀರಿ" ಎಂದೇ ಕೇಳುವುದು ರೂಢಿ. ಅರ್ಧ ಬಿಟ್ಟರೆ ಮತ್ತೊಮ್ಮೆ ಹೊಟ್ಟೆ ಕೊಯ್ಯಬೇಕಾಗುತ್ತದೆ ಎಂಬ ಭಯ. ಪೂರಾ ಎಂದರೆ ಗರ್ಭಕೋಶದ ಎರಡೂ ಬದಿಯ ಅಂಡಾಶಯಗಳೂ ಸೇರಿದವು ಎನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಆಪಾರ ಜಗಳವೆಲ್ಲ ಈ ಪೂರಾ ಎಂಬ ಮಾತಿನ ಮೇಲೆ.

ಮಕ್ಕಳಿಗೆ ಸೂಜಿ ಹಾಕುವ ದಿನ ದವಾಖಾನೆಯ ಕಟ್ಟೆಯ ಮೇಲೆ ಹೆಂಗಸರು ತುಂಬಿರುತ್ತಿದ್ದರು. ಅಲ್ಲಿ ಕೇಳಿದ ಒಂದು ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂದರೆ, ಹಲವು ಸಲ ಬೇರೆಯವರಿಗೆ ಹೇಳಿ ನಗಿಸಿದ್ದೇನೆ ಎಂದರ್ಥ. ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ ಒಬ್ಬಾಕೆ ಅಂದಳು:

"ನನಗ ಮುಟ್ಟು ನಿಂತು ನಾಕ ವರ್ಷ ಆತ್ರಿ ಆಪಾ. ಇನ್ನ ಒಳಗಿಂದೆಲ್ಲ ಮೂಲಿಗೆ ಬಿದ್ದ ಸಾಮಾನು. ಪೂರಾ ತೆಗಸಿಬಿಡ್ತೇನಿ, ಒಮ್ಮೆಗೆ ಸಾಫ್."

"ಚೀಲಕ್ಕ ಬೀಮಾರಿ ಇದ್ರ ಚೀಲ ತೆಗೀಲಿ. ಬಾಜೂ ಮನಿ ಯಾಕ ಕೆಡವ್ತಿ?"

"ಬಾಜೂ ಮನಿ ಅಂದ್ರ?"

"ಅಂಡಾಶಯ ಬೇ. ಆ ಕಡಿ ಒಂದು, ಈ ಕಡಿ ಒಂದು."

"ಅವು ಏನ ಮಾಡ್ತಾವ ಈಗ? ನಿಂತ ಮ್ಯಾಲ ಸುಮ್ಮ ಕುಂತಿರತಾವ."

"ಮುಟ್ಟು ನಿಂತದ. ನಿನ್ನ ಬಾಯಿ ನಿಂತದೇನು?"

ಕಟ್ಟೆಯೆಲ್ಲ ನಕ್ಕಿತು. ಆಪಾ ನಗಲಿಲ್ಲ. ತಮ್ಮ ಗದ್ದವನ್ನು ಬೆಳಕಿಗೆ ಎತ್ತಿ ಹಿಡಿದು ತೋರಿಸಿದರು. ಅಲ್ಲಿ ಮೂರೋ ನಾಲ್ಕೋ ಬಿರುಸು ಕೂದಲಿದ್ದವು.

"ಇವು ಎಲ್ಲಿಂದ ಬಂದ್ವು ಹೇಳ್ರಿ? ನಂದೂ ನಿಂತದ. ಒಳಗ ಅವು ನೌಕ್ರಿ ಬಿಟ್ಟಿಲ್ಲ. ಹೆಂಗಸರ ರಸ ಭಾಳ ಕಡಿಮಿ ಆಗ್ತದ, ಆದ್ರ ಗಂಡಸರ ರಸ ಅಂತ ಒಂದ ಅದ, ಅದನ್ನ ಇನ್ನೂ ಒಂದೀಟು ಒಂದೀಟು ಮಾಡಾಕತ್ತಾವ."

"ಗಂಡಸರ ರಸ? ನಮ್ಮೊಳಗ? ಯವ್ವಾ, ಕೆಟ್ವಿ!"

"ಅದಕ್ಕ ನಮ್ಮತ್ತಿ ಮನ್ಯಾಗ ಗೌಡಕಿ ಮಾಡ್ತಾಳ ನೋಡ್ರಿ," ಎಂದಳು ಹಿಂದಿನಿಂದ ಒಬ್ಬಳು. ಅವಳ ಅತ್ತೆ ಅಲ್ಲೇ ಕೂತಿದ್ದಳು. ಮತ್ತೆ ನಗೆ.

"ನಗ್ರಿ, ನಗ್ರಿ. ಅದೇ ರಸ ಮೈಯಾಗ ಸ್ವಲ್ಪ ಬದಲಾಗಿ ಎಲಬಿಗೆ, ಮನಸಿಗೆ ಉಪಯೋಗಕ್ಕ ಬರ್ತದಂತ. ನಮಗ ಟ್ರೇನಿಂಗಿನ್ಯಾಗ ಡಾಕ್ಟರಬಾಯಿ ಹೇಳ್ಯಾರ. ನಾ ಎರಡ ಸಲ ಕೇಳೀನಿ, ಖರೇ ಏನ್ರಿ ಅಂತ. ತೆಗೀಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಗಂಟು ಇದ್ದರ, ಮನ್ಯಾಗ ಯಾರಿಗರ ಕ್ಯಾನ್ಸರ್ ಆಗಿದ್ರ ತೆಗೀಬೇಕಾಗ್ತದ. ಡಾಕ್ಟರಗ ಒಂದ ಮಾತ ಕೇಳ್ರಿ ಅಂತೀನಿ. ಇವನ್ನ ಬಿಡಾಕ ಬರ್ತದೇನ್ರಿ? ಅಷ್ಟ ಕೇಳಾಕ ಬಾಯಿ ಇಲ್ಲೇನು ನಿಮಗ?"

ಅವರ ಮಾತು ಸರಿಯೇ ಎಂದು ನಾನು ಪುಸ್ತಕ ತೆಗೆದು ನೋಡಿದ್ದು ಎಷ್ಟೋ ವರ್ಷದ ಮೇಲೆ, ಉಪಯೋಗವಿಲ್ಲದ ಕಾಲದಲ್ಲಿ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಟೆಸ್ಟೋಸ್ಟೆರಾನ್ ಮತ್ತು ಅದರ ಬಳಗದ ಕೆಲವು ಹಾರ್ಮೋನುಗಳನ್ನು ಅದು ಇನ್ನೂ ವರ್ಷಗಟ್ಟಲೆ ತಯಾರಿಸುತ್ತಿರಬಹುದು. ಅದರಲ್ಲಿ ಒಂದು ಪಾಲು ಮೈಯ ಕೊಬ್ಬಿನಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳೂ ಇದೇ ಕೆಲಸ ಮಾಡುವುದರಿಂದ ಅಂಡಾಶಯದ ಪಾಲು ಎಷ್ಟು ಎಂಬುದರಲ್ಲಿ ತಿಳಿದವರಲ್ಲೇ ಭಿನ್ನಾಭಿಪ್ರಾಯವಿದೆ. ಇಷ್ಟನ್ನು ಆಪಾ ಗದ್ದದ ಕೂದಲು ತೋರಿಸಿ ಹೇಳಿ ಮುಗಿಸಿದ್ದರು.

ನಾನು ಆಳಂದದ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದ ಮೇಲೆ ಆಪಾ ನನ್ನ ಮಾತಿಗೆ 'ರಿ' ಹಚ್ಚತೊಡಗಿದರು. ಚಿಕ್ಕಂದಿನಿಂದ "ಬಾ ಬೇಟಿ" ಎಂದವರು "ಬರ್ರಿ ಮೇಡಂ" ಎಂದರು. ನಾನು ತಡೆಯಲಿಲ್ಲ. ತಡೆದಿದ್ದರೆ ಮುಂದಿನದು ಬೇರೆಯಾಗುತ್ತಿತ್ತೇ ಎಂದು ಕೆಲವು ಸಲ ಯೋಚಿಸುತ್ತೇನೆ. ಆಗುತ್ತಿರಲಿಲ್ಲ ಎಂದೇ ಕಾಣುತ್ತದೆ.

ಅವ್ವನಿಗೆ ಐವತ್ತಾರಾಗಿದ್ದಾಗ ಗರ್ಭಕೋಶ ಕೆಳಗೆ ಜಾರಿತು. ಎಷ್ಟು ದಿನದಿಂದ ತಡೆದುಕೊಂಡಿದ್ದಳೋ, ಕೊನೆಗೆ ಕೂಡಲೂ ಆಗದೆ ಹೇಳಿದಳು. ಅಪ್ಪ ಇರಲಿಲ್ಲ. ಅಣ್ಣ, "ನೀ ಓದಾಕಿ, ನೀನೇ ನೋಡ್ಕೋ" ಎಂದ. ನಾನೇ ಕಲಬುರಗಿಗೆ ಕರೆದುಕೊಂಡು ಹೋದೆ. ಸರ್ಜನ್ ಒಳ್ಳೆಯವರು. ಗರ್ಭಕೋಶ ತೆಗೆಯಲೇಬೇಕು ಎಂದರು. ಅಂಡಾಶಯಗಳು ಚೆನ್ನಾಗಿವೆ, ಬಿಡಲೂ ಬಹುದು, ವಯಸ್ಸಾಗಿದೆ ಎಂದು ತೆಗೆಸುವವರೂ ಇದ್ದಾರೆ, ಮನೆಯಲ್ಲಿ ಮಾತಾಡಿಕೊಂಡು ಹೇಳಿ ಎಂದರು, ಅವ್ವ ಹೊರಗೆ ಬೆಂಚಿನ ಮೇಲಿದ್ದಳು. ಆಪರೇಷನ್ನಿನ ದಿನ ಡಾಕ್ಟರ ಕೋಣೆಯಲ್ಲಿ ಕಾಗದ ಮುಂದಿಟ್ಟಾಗ ನಾನು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. "ಪೂರಾ ತೆಗೆದುಬಿಡಿ ಡಾಕ್ಟ್ರೇ." ಕಟ್ಟೆಯ ಮೇಲಿನ ಹೆಂಗಸಿನ ಮಾತು, ಶುದ್ಧ ಕನ್ನಡದಲ್ಲಿ. ಆಮೇಲೆ ವಾರ್ಡಿನಲ್ಲಿ ಅವ್ವ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ಊರಲ್ಲಿ ಕೇಳಿದವರಿಗೆಲ್ಲ ಡಾಕ್ಟರೇ ಹಾಗೆ ನಿಶ್ಚಯಿಸಿದರು ಎಂದೆ.

ಗಾಯ ಬೇಗ ಮಾಯಿತು. ಆದರೆ ಅವ್ವ ಮೊದಲಿನಂತಾಗಲಿಲ್ಲ. ಮುಟ್ಟು ನಿಂತಾಗ ಕಾಡದ ಬಿಸಿಯುರಿ ಆರು ವರ್ಷದ ಮೇಲೆ ಹೊಸದಾಗಿ ಬಂತು. ನಿದ್ದೆ ಹೋಯಿತು. "ಒಳಗ ಬತ್ತಿದಂಗ ಆಗ್ಯಾದ ಬೇ, ಯಾವುದರ ಮ್ಯಾಲೂ ಮನಸಿಲ್ಲ," ಎನ್ನುವಳು. ನಾಲ್ಕು ವರ್ಷದ ಕೆಳಗೆ ಹೊಸ್ತಿಲು ಎಡವಿ ಮುಂಗೈ ಮುರಿದುಕೊಂಡಳು. ಇದೆಲ್ಲ ಅಂಡಾಶಯ ತೆಗೆಸಿದ್ದರಿಂದಲೇ ಎಂದು ಹೇಳಲಾರೆ. ವಯಸ್ಸೂ ಇರಬಹುದು. ಅಲ್ಲ ಎಂದೂ ಹೇಳಲಾರೆ.

ಆಸ್ಪತ್ರೆಯಿಂದ ಬಂದ ವಾರಕ್ಕೆ ಆಪಾ ಅವ್ವನನ್ನು ನೋಡಲು ಬಂದಿದ್ದರು. ಬಿಡುಗಡೆಯ ಕಾಗದ ಕೇಳಿದರು. ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು. ಮತ್ತೆ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ನನಗೆ ಕೊಟ್ಟು, "ಆತು ಬಿಡ್ರಿ," ಎಂದರು. ಅವ್ವನ ಹಾಸಿಗೆಯ ಬದಿಗೆ ಹೋಗಿ ಅವಳ ಕಾಲು ಒತ್ತುತ್ತ ಕೂತರು. ನಾನು 'ಆಮೇಲೆ ಹೇಳಿದರು' ಎನ್ನುತ್ತಿದ್ದುದು ಈ ದಿನವನ್ನು ಹಿಡಿದುಕೊಂಡು. ಅವತ್ತು ಅವರು ಹೇಳಿದ್ದು ಆ ಎರಡೇ ಮಾತು.

ಸುದ್ದಿ ಬಂದ ದಿನ ಹಳೆಯ ಡೈರಿಗಳ ಪೆಟ್ಟಿಗೆ ತೆಗೆದೆ. ಆಪರೇಷನ್ನಿಗೆ ನಾಲ್ಕು ದಿನ ಮುಂಚಿನ ಪುಟದಲ್ಲಿ ನನ್ನದೇ ಅಕ್ಷರ: "ಆಪಾ ಬಂದಿದ್ದರು. ಒಂದು ತಾಸು ಕೊರೆದರು. ಹದಿನೆಂಟು ಪೇಪರು ಉಳಿದವು."

ಮುಂಚೆಯೇ. ಓದಿದ ಕೂಡಲೇ ಉಳಿದದ್ದೂ ಎದ್ದು ಬಂತು. ಎಲ್ಲಿ ಹುದುಗಿತ್ತೋ. ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ಆಪಾ ಬಸ್ಸಿನಲ್ಲಿ ಬಂದಿದ್ದರು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರ ಕೈಗೆ ನನ್ನ ಮನೆಯಲ್ಲಿ ಯಾವ ಕೆಲಸವೂ ಇರಲಿಲ್ಲ.

"ಅಂಡಾಶಯ ಬಿಡಾಕ ಬರ್ತದೇನು ಅಂತ ಡಾಕ್ಟರಗ ಒಂದ ಮಾತ ಕೇಳ್ರಿ ಮೇಡಂ."

"ಮುಟ್ಟು ನಿಂತು ಆರು ವರ್ಷ ಆತು ಆಪಾ. ಇನ್ನ ಅವು ಇದ್ರೇನು, ಹೋದ್ರೇನು? ನಾನೂ ಓದೀನಿ."

"ಓದೀರಿ, ಗೊತ್ತದ. ಅದಕ್ಕ ನಿಮ್ಮ ಕಡಿ ಬಂದೀನಿ." ಮತ್ತೆ ಕೇಳಿದರು, "ಅವ್ವಗ ಕೇಳೀರೇನು, ಆಕೀ ಮನಸಿನ್ಯಾಗ ಏನದ ಅಂತ?"

"ಅವ್ವಗ ಇದೆಲ್ಲ ಏನ ತಿಳೀತದ ಆಪಾ."

ಅವರು ನನ್ನನ್ನೇ ನೋಡಿರಬೇಕು. ಆ ನೋಟದಲ್ಲಿ ಸಿಟ್ಟಿತ್ತು ಎಂದು ಬರೆಯಬಹುದು, ಆದರೆ ನಾನು ತಲೆ ಎತ್ತಿರಲಿಲ್ಲ, ಪೇಪರು ನೋಡುತ್ತಿದ್ದೆ. "ಬರ್ತೇನ್ರಿ," ಎಂದು ಎದ್ದುಹೋದ ದನಿ ಮಾತ್ರ ಗೊತ್ತು. ಡೈರಿಯಲ್ಲಿ ಚಹಾದ ಮಾತಿಲ್ಲ.

ಯಡ್ರಾಮಿಗೆ ಹೋಗಲೇಬೇಕೆಂದು ಅವ್ವ ಹಠ ಹಿಡಿದಳು. ಅರವತ್ತೇಳರ ವಯಸ್ಸು, ಬಗ್ಗಿದ ಬೆನ್ನು. ಆಳಂದ, ಕಲಬುರಗಿ, ಜೇವರ್ಗಿ ಎಂದು ಮೂರು ಕಡೆ ಬಸ್ಸು ಬದಲಿಸಿ ನಾವು ತಲುಪುವ ಹೊತ್ತಿಗೆ ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿದು ಎರಡು ದಿನವಾಗಿತ್ತು. ಆಪಾರ ತಮ್ಮ ನಮ್ಮನ್ನು ಕೂಡಿಸಿ ಚಹಾ ತರಿಸಿದರು.

"ನಮ್ಮ ಆಪಾಗ ಮಂದಿ ಉಸಾಬರಿ ಭಾಳ್ರಿ," ಎಂದರು, ಅಳುವೋ ನಗುವೋ ತಿಳಿಯದ ಮುಖ ಮಾಡಿ. "ರಿಟೈರ್ ಆದ ಮ್ಯಾಲೂ ಬಿಡಲಿಲ್ಲ. ಇವರ ಮನಿಗೆ ಹೋಗಿ ಬೈಸ್ಕೊಳ್ಳೋದು, ಅವರ ಮನಿಗೆ ಹೋಗಿ ಬೈಸ್ಕೊಳ್ಳೋದು. ನಾ ಕೇಳ್ತಿದ್ದೆ, ನಿನಗ್ಯಾಕ ಬೇಕು ಅಂತ. ಸುಮ್ಮ ನಗಾಕಿ."

ಅವ್ವ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಬರುವಾಗ ಜೇವರ್ಗಿ ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತ ಕಲ್ಲಿನ ಬೆಂಚಿನ ಮೇಲೆ ಕೂತೆವು. ನನಗೆ ದಣಿವಾಗಿತ್ತು. ಧೈರ್ಯ ಬಂದು ಹೇಳಿದೆ ಅನ್ನುವುದಕ್ಕಿಂತ, ಇಟ್ಟುಕೊಂಡು ಸಾಕಾಗಿ ಹೇಳಿದೆ. ಅಂಡಾಶಯ ಬಿಡಬಹುದು ಎಂದು ಡಾಕ್ಟರೇ ಅಂದಿದ್ದರು, ತೆಗೆಯಿರಿ ಎಂದವಳು ನಾನು, ಅದಕ್ಕೂ ಮುಂಚೆ ಆಪಾ ಮನೆತನಕ ಬಂದು ಹೇಳಿದ್ದರು, ನಾನು ಕೇಳಲಿಲ್ಲ ಎಂದೆ.

ಅವ್ವ ಎದುರಿನ ಬಸ್ಸಿಗೆ ಜನ ಹತ್ತುವುದನ್ನೇ ನೋಡುತ್ತಿದ್ದಳು. ಅದು ಹೊರಟುಹೋದ ಮೇಲೆ ಅಂದಳು:

"ಆಕೀನ್ನ ನಾನೇ ಕಳಿಸಿದ್ದೆ."

ನನಗೆ ತಿಳಿಯಲಿಲ್ಲ.

"ಕಟ್ಟಿ ಮ್ಯಾಲ ಆಕಿ ಹೇಳೋದು ನಾನೂ ಕೇಳಿದ್ನಲ್ಲ. ಕೆಲಸ ಮಾಡೋದು ಇದ್ರ ಇರಲಿ ಒಳಗ, ಯಾಕ ತೆಗೀಬೇಕು ಅನಸ್ತು. ನಿನಗ ಹೆಂಗ ಹೇಳ್ಲಿ? ನೀ ಕಾಗದ ಓದಾಕಿ. ಆಪಾಗ ಅಂದೆ, ನೀ ಹೋಗಿ ಹೇಳು, ನನ್ನ ಹೆಸರ ಎತ್ತಬ್ಯಾಡ ಅಂತ. ನಾ ಒಬ್ಬಾಕೀನೇ ಏನು? ಊರಾಗ ಎಲ್ಲಾ ಹೆಣ್ಣಮಕ್ಕಳು ಹಂಗೇ ಕಳಸ್ತಿದ್ರು. ಆ ಎದುರ ಮನಿ ಬಾಣಂತಿ ಕಳಿಸಿದ್ಳಲ್ಲ, ಹಂಗ. ಆಕಿ ಹೋಗಿ ತನ್ನ ಮಾತು ಅಂತ ಹೇಳಾಕಿ. ಬೈಗಳಾನೂ ಆಕಿಗೇ."

"ವಾಪಸ್ ಬಂದು ಏನಂದ್ರು?"

"ಮಗಳು ಡಾಕ್ಟರಗ ಕೇಳ್ತೇನಿ ಅಂದಾಳ, ಚಿಂತಿ ಮಾಡಬ್ಯಾಡ, ಅಂದ್ಳು."

ಹನ್ನೊಂದು ವರ್ಷ ಅವ್ವ ನಾನು ಕೇಳಿದ್ದೇನೆ ಎಂದೇ ತಿಳಿದಿದ್ದಳು. ನನ್ನ ಮಗಳು ಕೇಳಿದಳು, ಡಾಕ್ಟರು ಒಪ್ಪಲಿಲ್ಲ, ಏನು ಮಾಡುವುದು ಎಂದುಕೊಂಡು ಮುಂಗೈ ಮುರಿದಾಗಲೂ ಸುಮ್ಮನಿದ್ದಳು. ನಾನು ಕ್ಷಮಿಸು ಎಂದೆನೋ, ಎನ್ನಬೇಕೆಂದುಕೊಂಡು ಬಿಟ್ಟೆನೋ, ನಾಲ್ಕೇ ವಾರದ ಮಾತಾದರೂ ಈಗಲೇ ಗಟ್ಟಿಯಾಗಿ ಹೇಳಲಾರೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿಂದು ನಿಂತದೇನು ಈಗ?"

"ಹೋದ ವರ್ಷ ನಿಂತದ ಅವ್ವ."

"ಹಂಗಾದ್ರ ಕೇಳಿಲ್ಲಿ. ನಾಳಿಗೆ ನಿನ್ನ ಮೈಗೆ ಏನರ ಆದ್ರ, ಏನ ತೆಗೀಬೇಕು, ಏನ ಇಡಬೇಕು, ನೀನೇ ಬಾಯಿ ಬಿಟ್ಟು ಹೇಳು. ಇನ್ನ ಕಳಸಾಕ ಆಪಾ ಇಲ್ಲ."